ಬಳೆ ತೊಡಿಸುವ ಹಾಡು

"ಅಮ್ಮಾ, ಕಂಡಕಂಡವರ ಬಾಯಿಗೆ ಬಿದ್ದರೆ ನಮ್ಮ ಹಾಡುಗಳು ಕೆಡುತ್ತವೆ. ಕೆಡದಂತೆ ಕಾಪಾಡುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ಗುರುಮಾತೆ ಒಂದು ಕತೆ ಹೇಳಿದರು.

ಒಬ್ಬ ಬಳೆಗಾರ್ತಿ ದಾರಿ ತಪ್ಪಿದ್ದಳು. ಎಷ್ಟೋ ಸೀಮೆ ಸುತ್ತಿದ ಹೆಂಗಸು. ದಾರಿ ಹೇಳಿ ಅಭ್ಯಾಸವೇ ಹೊರತು ಕೇಳಿ ಅಭ್ಯಾಸವಿಲ್ಲ. ಆದರೂ ಸುಂಕದ ಕಟ್ಟೆಯ ಕಾವಲುಗಾರನನ್ನು ಕೇಳಲೇಬೇಕಾಯಿತು. ತನಗೆ ಬಳೆ ತೊಡಿಸುವ ಹಾಡು ಕಲಿಸಿದ ಮುದುಕಿಯ ಊರು ಯಾವ ಕಡೆ ಎಂದಳು. ಮುದುಕಿ ತೀರಿಕೊಂಡಿದ್ದಳು. ಈಗ ಅವಳ ಮೊಮ್ಮಗಳ ಮದುವೆ. ಆ ಹುಡುಗಿಗೆ ಬಳೆ ತೊಡಿಸಲು ಬಳೆಗಾರ್ತಿ ಹೊರಟಿದ್ದಳು.

ಕಾವಲುಗಾರ ದಾರಿ ತೋರಿಸಿದ. ಜೊತೆಗೆ ಅರಸನ ಆಜ್ಞೆಯನ್ನೂ ತಿಳಿಸಿದ. ಬಳೆ ತೊಡಿಸುವ ಹಾಡು ನಾಡಿನ ಆಸ್ತಿ. ಅದು ಕೆಡಬಾರದೆಂದು ಅರಮನೆಯ ಗಾಯಕರು ಮಾತ್ರ, ಅದೂ ಸಭೆಯಲ್ಲಿ ಮಾತ್ರ, ಹಾಡಬೇಕು. ಬೇರೆ ಯಾರು ಹಾಡಿದರೂ ದಂಡ. ಆಜ್ಞೆ ಹೊರಟು ಒಂದು ತಲೆಮಾರೇ ಕಳೆದಿತ್ತು; ಅಲ್ಲಿಂದೀಚೆ ಬಳೆಗಾರ್ತಿ ಈ ಸೀಮೆಗೆ ಬಂದಿರಲಿಲ್ಲ.

"ಆ ಗಾಯಕರು ಯಾರ ಕೈಗಾದರೂ ಬಳೆ ತೊಡಿಸುತ್ತಾರೇನಪ್ಪ?"

"ಇಲ್ಲವ್ವ. ಶಾಲು ಹೊದ್ದು ಕೂತು ಹಾಡುತ್ತಾರೆ."

"ಹಾಗಾದರೆ ಅದು ಬೇರೆ ಯಾವುದೋ ಹಾಡು" ಎಂದು ಅವಳು ಬುಟ್ಟಿ ಎತ್ತಿಕೊಂಡು ನಡೆದಳು. ಅನುಮಾನ ಬಂದು ಕಾವಲುಗಾರನೂ ಹಿಂದೆಯೇ ಹೊರಟ.

ದಾರಿಯುದ್ದಕ್ಕೂ ಬಳೆಗಾರ್ತಿಗೆ ತನ್ನ ಮೇಲೆಯೇ ಸಿಟ್ಟು. ಹೊಸದಾಗಿ ಕಸುಬು ಹಿಡಿದಾಗ ಅವಳು ತೊಡಿಸಿದ ಬಳೆಗಳೆಲ್ಲ ಮಣಿಕಟ್ಟು ಮುಟ್ಟುವ ಮೊದಲೇ ಒಡೆಯುತ್ತಿದ್ದವು. ಮುದುಕಿ ಅವಳನ್ನು ಕರೆದು ಕೂರಿಸಿಕೊಂಡು ಕಲಿಸಿದ್ದಳು. ಬಳೆ ತೊಡುವ ಹುಡುಗಿಯ ತಾಯಿಯ ಹೆಸರು, ತವರಿನ ಬಾವಿ, ಸಾಕಿದ ಕರು, ಎಲ್ಲವನ್ನೂ ಹಾಡಿಗೆ ಸೇರಿಸಬೇಕು. ತನ್ನ ಮನೆಯ ಮಾತು ಕೇಳುತ್ತ ಹುಡುಗಿ ಕೈಯ ಬಿಗಿ ಸಡಿಲಿಸುತ್ತಾಳೆ. ಆಗ ಬಳೆ ಏರುತ್ತದೆ. ಕಲಿಸಿದ್ದಕ್ಕೆ ಮುದುಕಿ ಏನೂ ತೆಗೆದುಕೊಳ್ಳಲಿಲ್ಲ. ಇನ್ನೊಬ್ಬಳಿಗೆ ಕಲಿಸು, ಅಲ್ಲಿಯತನಕ ನೀನು ನನ್ನ ಸಾಲಗಾರ್ತಿ ಎಂದಿದ್ದಳು. ಬಳೆಗಾರ್ತಿ ಯಾರಿಗೂ ಕಲಿಸಿರಲಿಲ್ಲ. ಕಲಿಸಿದರೆ ಗಿರಾಕಿಗಳು ಹಂಚಿಹೋಗುತ್ತಾರಲ್ಲ.

ಮದುವೆಮನೆಯಲ್ಲಿ ಹೆಂಗಸರು ಬಾಯಿ ಬಿಗಿದು ಕೂತಿದ್ದರು. ಮದುಮಗಳ ಮುಂದೆ ಬಳೆಚೂರು ಬಿದ್ದಿತ್ತು. ಹಾಡು ಅವಳ ಕಿವಿಗೇ ಬಿದ್ದಿರಲಿಲ್ಲ. ಬಲ್ಲವರು ದಂಡಕ್ಕೆ ಹೆದರಿ ಸುಮ್ಮನಿದ್ದು, ಸುಮ್ಮನಿದ್ದೇ ತೀರಿಹೋಗಿದ್ದರು. ತನ್ನೊಂದಿಗೆ ಈ ಹಾಡೂ ಹೋಗುತ್ತದೆ ಎಂದು ಬಳೆಗಾರ್ತಿಗೆ ಆಗ ಹೊಳೆಯಿತು.

ಅವಳು ಮದುಮಗಳ ಕೈ ಹಿಡಿದು, ತಾಯಿಯ ಹೆಸರು, ಸಾಕಿದ ಕರು ಎಲ್ಲ ಕೇಳಿಕೊಂಡು ಹಾಡತೊಡಗಿದಳು. ಕಾವಲುಗಾರ ದಂಡ ಕಟ್ಟು ಎಂದ. ತೊಡಿಸಲು ಬೇಕಾದಷ್ಟು ಬಳೆಗಳನ್ನು ಮಡಿಲಿಗೆ ಹಾಕಿಕೊಂಡು, ಬುಟ್ಟಿಯನ್ನೇ ಅವನತ್ತ ತಳ್ಳಿ, ಹಾಡು ಮುಂದುವರಿಸಿದಳು. ಅರಮನೆಯ ಹಾಡಿನಲ್ಲಿ ಕರುವಿನ ಮಾತೇ ಇಲ್ಲ, ನೀನು ಹಾಡು ಕೆಡಿಸುತ್ತಿದ್ದೀಯೆ ಎಂದು ಅವನು ಗದರಿದ.

"ಅರಮನೆಯವರು ಈ ಹುಡುಗಿಯ ಕರು ನೋಡಿಲ್ಲ ತಮ್ಮಾ. ನೀನು ಬುಟ್ಟಿ ಹುಷಾರಾಗಿ ಹಿಡಿದುಕೋ, ಗಾಜು."

ಹೆಂಗಸರು ನಕ್ಕರು. ನಕ್ಕವರು ಅವಳು ಹೇಳಿದ ಸೊಲ್ಲಿಗೆ ಸೊಲ್ಲು ಸೇರಿಸಿದರು. ಎರಡೂ ಕೈಗೆ ಬಳೆ ಏರಿತು; ಒಂದೂ ಒಡೆಯಲಿಲ್ಲ. ಇನ್ನು ಯಾರಿಗೆ ದಂಡ ಹಾಕುವುದೆಂದು ಕಾವಲುಗಾರನಿಗೆ ತೋಚಲಿಲ್ಲ.

ಮಡಿಲಲ್ಲಿ ಒಂದು ಬಳೆ ಉಳಿದಿತ್ತು. ಬಳೆಗಾರ್ತಿ ಅದನ್ನು ಮದುಮಗಳ ಕೈಗಿತ್ತು, ಈಗ ನೀನು ನನಗೆ ತೊಡಿಸು ಎಂದು ಕೈ ಚಾಚಿದಳು. ಮದುಮಗಳು ಹಾಡಲು ಹೊರಟು, ತಡವರಿಸಿ ನಿಂತಳು.

"ಅವ್ವಾ, ನಿಮ್ಮ ತಾಯಿಯ ಹೆಸರೇನು?"

ಬಳೆಗಾರ್ತಿಯನ್ನು ಯಾರೂ ಎಂದೂ ಹಾಗೆ ಕೇಳಿರಲಿಲ್ಲ. ಹೆಸರು ಹೇಳಿದಳು. ಹುಡುಗಿ ಅದನ್ನು ಸೇರಿಸಿ ಹಾಡಿದಳು. ಬಳೆ ಏರಿತು. ದಂಡ ಅರಮನೆಗೆ ಹೋಯಿತು; ಸಾಲ ತೀರಿತು.

ಕತೆ ಮುಗಿಸಿ ಗುರುಮಾತೆ ಶಿಷ್ಯೆಯ ಕಡೆ ತಿರುಗಿದರು.

"ನಾನು ನಿನಗೆ ಕಲಿಸಿದ್ದು ಈಗ ನಿನ್ನನ್ನು ಬಿಟ್ಟು ಇನ್ನು ಯಾರ ಬಾಯಲ್ಲಿದೆ, ಮಗಳೇ?"