ಹೊಸ್ತಿಲು ದಾಟದೆ ಹೋದವನು

“ಕೇಳ್ರಪ್ಪೋ ಕೇಳಿ! ದೊರೆಗಳು ಮೂರು ಒಗಟು ಹಾಕ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಕೊಡ್ತಾರೆ. ತಪ್ಪಿದವರ ತಲೆ ಅಮಾವಾಸ್ಯೆ ದಿನ ಉರುಳ್ತದೆ. ಯಾರೂ ಬಿಡಿಸದಿದ್ರೆ ಅವತ್ತೇ ಹುಣಸೆಮರದ ಕೆಳಗಿನ ಗಡಿಗೆ ಒಡೆದುಹಾಕ್ತಾರೆ!”

ಡಂಗುರ ಕೇಳಿ ನೆಲ್ಲಿಹಾಳದ ಜನ ಬಾಗಿಲು ಮುಚ್ಚಿಕೊಂಡರು. ಆ ಗಡಿಗೆಯಲ್ಲಿದ್ದದ್ದು ಅವರದೇ ಕಾಳು.

ಆ ಊರಿನ ಪದ್ಧತಿ ಹೀಗಿತ್ತು. ಮಂತ್ರಿಯನ್ನು ಜನರೇ ಆರಿಸಬೇಕು. ಮೂಡಣ ಚಾವಡಿ, ಪಡುವಣ ಚಾವಡಿ ಎಂದು ಎರಡು ಪಂಗಡ. ಮಗು ಹುಟ್ಟುತ್ತಲೇ ಅಪ್ಪನ ಚಾವಡಿಯ ದಾರ ಅದರ ಕೈಗೆ ಬೀಳುತ್ತಿತ್ತು. ಆರಿಸುವ ದಿನ ಮನೆಗೊಂದು ಅವರೆಕಾಳು ತಂದು ತಮ್ಮ ಚಾವಡಿಯ ಗಡಿಗೆಗೆ ಹಾಕುವುದು. ಒಮ್ಮೆ ಇವರು ಗೆದ್ದರೆ ಇನ್ನೊಮ್ಮೆ ಅವರು. ಈ ಸಲ ಮಾತ್ರ ಎರಡೂ ಗಡಿಗೆಗಳ ತಳ ಕಾಣುತ್ತಿತ್ತು. ಮನೆಮನೆಗೆ ಹೋಗಿ ಉಪ್ಪು ಮಾರುವ ಸಂಕಣ್ಣನ ಹೆಸರಿನಲ್ಲಿ ಯಾರೋ ಹುಣಸೆಮರದ ಕೆಳಗೆ ಬಾಯಿ ಮುಕ್ಕಾದ ಗಡಿಗೆಯೊಂದನ್ನು ಇಟ್ಟಿದ್ದರು. ಕಾಳೆಲ್ಲ ಅದರಲ್ಲಿ ತುಂಬಿ ಚೆಲ್ಲಿತ್ತು.

ಚಾವಡಿಗಳನ್ನು ಕಟ್ಟಿಸಿದವನು ದೊರೆಯ ತಾತ. ಜನ ಅವನ್ನು ಬಿಟ್ಟದ್ದು ತನ್ನನ್ನೇ ಬಿಟ್ಟಂತೆ ಅನಿಸಿ ದೊರೆಗೆ ಅನ್ನ ಸೇರಲಿಲ್ಲ. ರಾಣಿ ತೀರಿಹೋಗಿದ್ದಳು, ಜೊತೆಗೆ ಕೂತು ಉಣ್ಣುವವರೂ ಇರಲಿಲ್ಲ. “ನನ್ನನ್ನೇಕೆ ಬಿಟ್ಟಿರಿ?” ಎಂದು ದೊರೆಯಾದವನು ಬೀದಿಯಲ್ಲಿ ನಿಂತು ಕೇಳುವುದು ಹೇಗೆ? ಅದಕ್ಕೇ ಒಗಟು ಕಟ್ಟಿದ. ದೊಡ್ಡವರ ನಾಚಿಕೆಗೆ ಇಷ್ಟೆಲ್ಲ ಸುತ್ತುದಾರಿ ಬೇಕಾಗುತ್ತದೆ.

ಮೊದಲು ಬಂದವನು ಮೂಡಣ ಚಾವಡಿ ಯಜಮಾನನ ಮಗ. ಗೆದ್ದು ಮಂತ್ರಿಗಿರಿಯನ್ನೇ ಕೇಳಿಬಿಡೋಣ ಎಂಬ ಆಸೆ ಅವನಿಗೆ.

ದೊರೆ ಕೇಳಿದ: “ಒಬ್ಬರ ಮೇಲೊಬ್ಬರು ಗುಡುಗುವ ಇಬ್ಬರಿದ್ದಾರೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಬಾಳಿಲ್ಲ. ಅವರ ಜಗಳದಲ್ಲಿ ಅವರಿಗೇನೂ ಆಗುವುದಿಲ್ಲ, ನಡುವೆ ಸಿಕ್ಕವನು ಪುಡಿಯಾಗುತ್ತಾನೆ. ಯಾರವರು?”

“ಸವತಿಯರು, ಮಹಾಪ್ರಭು! ನಡುವೆ ಸಿಕ್ಕವನು ಗಂಡ!”

ಆಸ್ಥಾನವೆಲ್ಲ ನಕ್ಕಿತು. ದೊರೆ ನಗಲಿಲ್ಲ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

ಮರುದಿನ ಪಡುವಣ ಚಾವಡಿಯ ದೊಡ್ಡ ಮಾತುಗಾರ ಬಂದ. ಅದೇ ಒಗಟಿಗೆ “ಬೀಸುವ ಕಲ್ಲು,” ಎಂದು ಥಟ್ಟನೆ ಹೇಳಿ ಮೀಸೆ ತಿರುವಿದ.

“ಸರಿ. ಎರಡನೆಯದು ಕೇಳು. ಅದನ್ನು ಕಟ್ಟಿದವರಿಲ್ಲ, ಕೆಡವಿದವರೂ ಇಲ್ಲ. ತುಳಿದರೆ ಬದುಕುತ್ತದೆ, ತುಳಿಯದೆ ಬಿಟ್ಟರೆ ಸಾಯುತ್ತದೆ.”

“ಪ್ರಜೆಗಳು, ಮಹಾಪ್ರಭು!”

ಈ ಸಲ ಆಸ್ಥಾನವೂ ನಗಲಿಲ್ಲ. ಅವನೂ ಸೆರೆಮನೆ ಸೇರಿದ. ಆಮೇಲೆ ಯಾರೂ ಅತ್ತ ಸುಳಿಯಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಬೊಮ್ಮ ಬಂದ. ಮೂಡಣ ಚಾವಡಿಯಲ್ಲಿ ಪಂಜು ಹಿಡಿಯುವ ಹುಡುಗ. ಯಜಮಾನರು ಎಲ್ಲಿಗೆ ಹೊರಟರೂ ಅವನು ಮುಂದೆ ಮುಂದೆ ಬೆಳಕು ತೋರಿಸುತ್ತ ನಡೆಯಬೇಕು. ಹಾಗಾಗಿ ಅವರು ನೋಡಿದ್ದು ಅವನ ಬೆನ್ನನ್ನು ಮಾತ್ರ. ತಾಯಿ ಸತ್ತ ಮೇಲೆ ಮನೆಯಲ್ಲಿ ಅವನು ಮಾತಾಡಿಸುವುದು ಒಲೆಯನ್ನಷ್ಟೇ.

“ಹೆದರಿಕೆ ಇಲ್ಲವೇನೋ?” ಎಂದ ದೊರೆ.

“ಹೆದರಿಕೆ ಅದೆ ಬುದ್ಧಿ. ಆದ್ರೆ ಆ ಗಡಿಗೇಲಿ ಮೊದಲನೇ ಕಾಳು ನಂದು. ನನ್ನಿಷ್ಟಕ್ಕೆ ನಾನು ಮಾಡಿದ್ದು ಅಂತ ಇರೋದು ಅದೊಂದೇ. ಆ ಗಡಿಗೆ ಒಡೆದುಹೋಗಬಾರದು.”

ದೊರೆ ಮೊದಲ ಎರಡು ಒಗಟುಗಳನ್ನೂ ಮತ್ತೆ ಹೇಳಿದ.

“ಬೀಸೋ ಕಲ್ಲು ಅಂದ್ರಂತೆ, ಸರಿನೇ. ನಡುವಿನ ಕಾಳು ಯಾರು ಅಂತ ಅವರು ಹೇಳಲಿಲ್ಲ. ನಾವು ಬುದ್ಧಿ. ಕೆರೆ ಏರಿ ಮೂಡಣದವರು ಕಟ್ಟಿದ್ರೆ ಪಡುವಣದವರು ಬಂದು ಕಿತ್ತುಹಾಕಿದ್ರು, ಅವರು ಕಟ್ಟಿದ್ರೆ ಇವರು. ನಮ್ಮ ಗದ್ದೆಗೆ ಮಾತ್ರ ನೀರು ಬರಲೇ ಇಲ್ಲ. ಎರಡನೇದು ಕಾಲುದಾರಿ. ಹಿಂದೆ ಚಾವಡಿ ಹಿರೀಕರು ನಮ್ಮ ಕೇರಿಗೆ ಬಂದು ಕಷ್ಟ ಸುಖ ಕೇಳ್ತಿದ್ರಂತೆ. ಆಮೇಲೆ, ‘ಅಪ್ಪನ ಕಾಲದಿಂದ ನಮ್ಮವರೇ, ಎಲ್ಲಿಗೆ ಹೋಗ್ತಾರೆ’ ಅಂತ ಬರೋದೇ ಬಿಟ್ರು. ದಾರಿ ತುಂಬ ಹುಲ್ಲು ಬೆಳೀತು. ಸಂಕಣ್ಣನೊಬ್ಬ ಬರ್ತಿದ್ದ.”

ದೊರೆಯ ದನಿ ತಗ್ಗಿತು. ಮೂರನೆಯ ಒಗಟಿನ ಉತ್ತರ ಅವನಿಗೂ ಗೊತ್ತಿರಲಿಲ್ಲ.

“ಹೊಸ್ತಿಲು ದಾಟದೆ ಮನೆ ಬಿಟ್ಟು ಹೋದವನು ಯಾರು?”

“ಸತ್ತವನು,” ಎಂದು ಯಾರೋ ಪಿಸುಗುಟ್ಟಿದರು.

“ಸತ್ತವನನ್ನೂ ಹೊಸ್ತಿಲು ದಾಟಿಸಿಯೇ ಒಯ್ಯಬೇಕು,” ಎಂದ ದೊರೆ.

“ನಾನು ಬುದ್ಧಿ,” ಎಂದ ಬೊಮ್ಮ. “ಚಾವಡಿಯವರು ಯಾವತ್ತಾದ್ರೂ ಬಂದಾರು ಅಂತ ಅವ್ವ ಒಂದು ಮಣೆ ತೊಳೆದು ಇಟ್ಟಿರ್ತಿದ್ಲು. ಅವಳು ಸತ್ತ ದಿನವಾದ್ರೂ ಬರ್ತಾರೆ ಅಂತ ಕಾದೆ. ನೆರೆಯವರ ಜೊತೆ ಮಣ್ಣು ಮಾಡಿ ಬಂದೆ. ಸಂಜೆಗೆ ಒಬ್ಬ ಆಳು ಬಂದ. ‘ಯಜಮಾನರು ಹೊರಟವರೆ, ಪಂಜು ತಗೊಂಡು ಬಾ’ ಅಂದ. ಹೋದೆ. ಆಮೇಲೂ ದಿನಾ ಚಾವಡೀಲೇ ಇದ್ದೆ, ಕೈಯಲ್ಲಿ ಅವರ ದಾರವೇ ಇತ್ತು. ಆದ್ರೆ ನಾನು ಅಲ್ಲಿರಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಎಲ್ಲರೂ ಹಂಗೇ ಹೋಗಿದ್ದು ಬುದ್ಧಿ. ಕಾಳು ಹಾಕಿದ ದಿನ ಹೋದದ್ದಲ್ಲ.”

ದೊರೆ ಮುಖ ಮುಚ್ಚಿಕೊಂಡ.

“ನೀನು ಗೆದ್ದೆ. ಏನು ಬೇಕೋ ಕೇಳು.”

“ಗಡಿಗೆ ಒಡೀಬೇಡಿ. ಸೆರೆಯಲ್ಲಿರೋ ಇಬ್ಬರನ್ನೂ ಬಿಟ್ಟುಬಿಡಿ. ಆಮೇಲೆ... ಒಂದು ಸಲ ನಮ್ಮ ಮನೆಗೆ ಬನ್ನಿ. ಮಣೆ ಹಂಗೇ ಅದೆ.”

ದೊರೆ ಅಂದೇ ಹುಲ್ಲು ಸರಿಸುತ್ತ ಕಾಲುನಡಿಗೆಯಲ್ಲಿ ಬಂದ. ಬೊಮ್ಮ ಮಣೆ ಹಾಕಿದ. ದೊರೆ ಕೂತು, “ಉಂಡೆಯೇನಪ್ಪ?” ಎಂದ. ತಾಯಿ ಹೋದ ಮೇಲೆ ಆ ಮಾತನ್ನು ಯಾರೂ ಕೇಳಿರಲಿಲ್ಲ. ಬೊಮ್ಮ ಕಂಬ ಹಿಡಿದುಕೊಂಡು ಅತ್ತುಬಿಟ್ಟ. ಇಬ್ಬರೂ ಅಂಬಲಿ ಕುಡಿದರು. ದೊರೆಗೂ ಅಂದು ಊಟ ಸೇರಿತು. ಅಲ್ಲಿಂದ ಮುಂದೆ ಅವನು ಆಗಾಗ ಬರತೊಡಗಿದ, ದಾರಿಯ ಹುಲ್ಲು ಸವೆಯಿತು.

ಸಂಕಣ್ಣ ಮಂತ್ರಿಯಾದ. ಕೆರೆ ಏರಿ ನಿಂತಿತು, ಗದ್ದೆಗೆ ನೀರೂ ಬಂತು. ಒಂದು ದಿನ ದೊರೆ, ಬೊಮ್ಮ ಜಗಲಿಯಲ್ಲಿ ಕೂತಿದ್ದಾಗ ಮಂತ್ರಿಯ ಹೊಸ ಪಲ್ಲಕ್ಕಿ ಆ ಕೇರಿಯ ಮುಂದೆ ಹಾದುಹೋಯಿತು. ಬೊಮ್ಮ ಎದ್ದು ನಿಂತು ಕೈಮುಗಿದ. ಪರದೆ ಸರಿಯಲಿಲ್ಲ.

ಬೊಮ್ಮ ಒಳಗೆ ಹೋದ. ಬಿತ್ತನೆಗೆ ಇಟ್ಟಿದ್ದ ಅವರೆಯಲ್ಲಿ ಒಂದು ಕಾಳು ಆರಿಸಿ, ದೀಪದ ಗೂಡಿನಲ್ಲಿ ತೆಗೆದಿಟ್ಟ.

“ಅದೇಕೋ?” ಎಂದ ದೊರೆ.

“ಮುಂದಿನ ಸಲಕ್ಕೆ ಬುದ್ಧಿ.”