ನಾಚಿಕೆಕಟ್ಟೆ

ಬೂದಿತೊರೆಯ ಕೆರೆ ಏರಿಯ ತುದಿಯಲ್ಲಿ, ಹುಣಸೆಮರದ ಕೆಳಗೆ, ನಾಲ್ಕು ಕಲ್ಲುಪೀಠಗಳಿರುವ ಕಟ್ಟೆಯೊಂದಿದೆ. ಊರಿನವರು ಅದನ್ನು ನಾಚಿಕೆಕಟ್ಟೆ ಎನ್ನುತ್ತಾರೆ. ಹೊರಗಿನವರು ಹೆಸರು ಕೇಳಿ ನಕ್ಕರೆ ಮುದುಕರ ಮುಖ ಸಣ್ಣದಾಗುತ್ತದೆ. ನಗುವ ಮಾತಲ್ಲವಪ್ಪ ಅದು.

ಹಿಂದೆ ಒಮ್ಮೆ ಇಲ್ಲಿದ್ದದ್ದು ಮೂರೇ ಪೀಠ. ನ್ಯಾಯಕ್ಕೆ ಕೂತ ಮೂವರು ಹಿರಿಯರು, ಒಬ್ಬರ ಮಾತಿಗೆ ಇನ್ನೊಬ್ಬರು ಮರುಳಾಗಬಾರದೆಂದು, ತೀರ್ಪು ಮುಗಿಯುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ತಳವಾರ ಒಂದೊಂದೇ ಪ್ರಶ್ನೆ ಕೇಳುವನು. ಹೌದೆನ್ನುವವರು ಬಿಳಿಕಲ್ಲು, ಅಲ್ಲವೆನ್ನುವವರು ಕರಿಕಲ್ಲು ಗಡಿಗೆಗೆ ಹಾಕುವರು. ಹೆಚ್ಚು ಬಿದ್ದದ್ದೇ ಊರಿನ ಮಾತು. ಇಂಥ ನ್ಯಾಯ ಬೇರೆಲ್ಲೂ ಇಲ್ಲವೆಂಬ ಜಂಬ ಬೇರೆ! ಆ ಗಡಿಗೆ ಮಾಡಿದವನು ಕುಂಬಾರ ಹಾಲಪ್ಪ. ಮೂವರಲ್ಲಿ ಅವನೂ ಒಬ್ಬ.

ಒಂದು ಮಳೆಗಾಲ ಏರಿ ಒಡೆದು ಪೈರೆಲ್ಲ ಕೊಚ್ಚಿಹೋಯಿತು. ನೀರು ಹೊರಬಿಡುವ ತೂಬು ಮುಚ್ಚಿತ್ತು. ತೂಬು ನೋಡಿಕೊಳ್ಳುವ ನೀರುಗಂಟಿ ಓಬನನ್ನು ಕಟ್ಟೆಗೆ ಎಳೆತಂದರು. ತೂಬು ಮುಚ್ಚಿದವನು ಅವನೇ ಆಗಿ, ಏರಿ ಒಡೆದದ್ದೂ ಅದರಿಂದಲೇ ಆದರೆ ಅವನು ಊರು ಬಿಡಬೇಕು. ಮುಚ್ಚಿದವನು ಓಬನೇ? ಹಾಲಪ್ಪ ಕಣ್ಣಾರೆ ಕಂಡಿದ್ದ, ಬಿಳಿಕಲ್ಲು ಹಾಕಿದ. ಒಡೆದದ್ದು ಅದರಿಂದಲೇ? ಏರಿಯನ್ನು ಹೆಗ್ಗಣಗಳು ಎಂದೋ ಟೊಳ್ಳು ಮಾಡಿದ್ದವು. ಕರಿಕಲ್ಲು ಹಾಕಿ, ಬಡವ ಉಳಿದ ಎಂದು ನಿಟ್ಟುಸಿರಿಟ್ಟ. ಗಡಿಗೆ ಸುರಿದರೆ ಎರಡು ಸಲವೂ ಬಿಳಿಯೇ ಹೆಚ್ಚು. ಓಬ ತುಂಬುಬಸುರಿ ಹೆಂಡತಿಯ ಕೈಹಿಡಿದು ಹೊರಟೇಬಿಟ್ಟ.

ಹಾಲಪ್ಪನಿಗೆ ತಡೆಯಲಾಗಲಿಲ್ಲ. ಪಕ್ಕದ ಪೀಠದ ಕುರಿಗಾಹಿ ಗಾದ್ರಜ್ಜನನ್ನು ಕೇಳಿದ: "ಅಜ್ಜಾ, ನಿನಗೂ ಅವನದೇ ತಪ್ಪು ಅನ್ನಿಸಿತೇನು?"

"ಎಲ್ಲಿಯ ಮಾತು! ತೂಬಿನಿಂದಲೇ ಏರಿ ಹೋಯಿತು, ನಿಜ. ಆದರೆ ಮುಚ್ಚಿದವನು ಓಬನಲ್ಲ, ಬೇರೆ ಯಾರೋ. ಅವನು ಉಳಿದನೆಂದೇ ಇದ್ದೆನಲ್ಲೋ!"

ಓಬನದು ತಪ್ಪೆಂದು ನಂಬಿದ್ದವನು ಮೂರನೆಯ ಪೀಠದ ಪಟೇಲ ಚನ್ನವೀರಪ್ಪ ಒಬ್ಬನೇ. ಅವನ ಬಿಳಿಕಲ್ಲಿಗೆ ಮೊದಲ ಸಲ ಹಾಲಪ್ಪನದು, ಎರಡನೆಯ ಸಲ ಅಜ್ಜನದು ಸೇರಿ ಬಿಳಿ ಹೆಚ್ಚಾಗಿತ್ತು. ಹಾಲಪ್ಪನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಮೂವರೂ ಬಿದ್ದೆದ್ದು ಓಡಿ, ತೊರೆಯಾಚೆ ಓಬನನ್ನು ಕಂಡು, ನಡೆದದ್ದನ್ನು ಹೇಳಿ, ಮರಳಿ ಬಾರಪ್ಪ ಎಂದು ಕೈಮುಗಿದರು.

ಓಬ ತಲೆಯ ಗಂಟು ಇಳಿಸಲಿಲ್ಲ. "ಇಬ್ಬರು ನನ್ನ ಕಡೆ ಇದ್ದೂ ಓಡಿಸಿದಿರಲ್ಲ, ಸ್ವಾಮಿ. ಅಂಥ ಊರಿಗೆ ಯಾವ ಧೈರ್ಯದ ಮೇಲೆ ಬರಲಿ?"

ಮೂವರೂ ಬಂದ ದಾರಿಯಲ್ಲೇ ಊರಿಗೆ ಮರಳಿದರು. ಹಾಲಪ್ಪ ತನ್ನ ಕೈಯಾರೆ ಮಾಡಿದ ಗಡಿಗೆಯನ್ನು ಕಟ್ಟೆಯ ಮೇಲೆಯೇ ಒಡೆದ. ಓಬ ಬಂದರೆ ಸಮಸಮ ಕೂತು ಮಾತಾಡಲೆಂದು ಎದುರಿಗೆ ನಾಲ್ಕನೆಯ ಪೀಠ ಹಾಕಿಸಿದ. ಸಾಯುವವರೆಗೂ ತೊರೆಯ ದಾರಿ ನೋಡಿದ ಎನ್ನುತ್ತಾರೆ. ಅಂದಿನಿಂದ ಆ ಊರಿನಲ್ಲಿ ನ್ಯಾಯ ಹೇಳುವವರು ತಮ್ಮ ಕಾರಣವನ್ನೆಲ್ಲ ಬಾಯಿಬಿಟ್ಟು ಹೇಳುತ್ತಾರೆ.

ಇಂದು ಹೋದವರಿಗೂ ಕಾಣುತ್ತದೆ: ಮೂರು ಪೀಠಗಳು ಕೂತು ಕೂತು ಸವೆದು ನುಣುಪಾಗಿವೆ. ನಾಲ್ಕನೆಯದರ ಮೇಲೆ ಉಳಿಯ ಗುರುತು ಹಾಗೆಯೇ ಇದೆ.