ಇಪ್ಪತ್ತೇಳನೇ ನಂಬರಿನ ಟೀಸಿ

ಹೊಳೆ ದಂಡೇಲಿ ಆಶ್ರಮ, ಆಶ್ರಮಕ್ಕೊಂದು ಹೈಸ್ಕೂಲು. ಗುರುಗಳಿಗೆ ಇಷ್ಟು ತಲೆನೋವು ಸಾಲದು ಅಂತ ಗುರುಮಲ್ಲ ಅನ್ನೋ ಶಿಷ್ಯ ಬೇರೆ.

ಮಕ್ಕಳನ್ನ ಬೀಡಿ, ಗುಟ್ಕಾದಿಂದ ದೂರ ಇಡೋ ಕೆಲಸ ಗುರುಮಲ್ಲಂದು. ಪ್ರತಿ ಸೋಮವಾರ ಪ್ರೇಯರ್ ಆದ್ಮೇಲೆ ಬಲಗೈ ಮುಂದೆ ಚಾಚಿಸಿ ಪ್ರತಿಜ್ಞೆ ಮಾಡಿಸ್ತಿದ್ದ. ಮಕ್ಕಳು ಬಾಯಲ್ಲಿದ್ದದ್ದನ್ನ ಕಾಂಪೌಂಡಿನಾಚೆ ಉಗಿದು ಬಂದು, ಹೆಂಚು ಹಾರಿಹೋಗೋ ಹಾಗೆ ಪ್ರತಿಜ್ಞೆ ಮಾಡೋವು.

ಮೂರು ವರ್ಷ ಇದೇ ಗೋಳು.

ಒಂದು ಸೋಮವಾರ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಉಗಿಯೋಕೆ ಮರೆತ. ಪ್ರತಿಜ್ಞೆ ಅರ್ಧಕ್ಕೆ ಬರೋ ಹೊತ್ತಿಗೆ ಗುರುಮಲ್ಲನ ಬಿಳಿ ಪಂಚೆ ಕೆಂಪಾಗಿತ್ತು.

ಗುರುಮಲ್ಲ ಆ ಹುಡುಗನನ್ನ ಹೊಂಗೆ ಮರದ ಕೆಳಗೆ ನಿಲ್ಲಿಸಿದ. ಮಧ್ಯಾಹ್ನ ಕಳೆದ್ಮೇಲೆ ಟೀಸಿ ಫಾರಂ ಹಿಡ್ಕೊಂಡು ಗುರುಗಳ ಹತ್ರ ಬಂದ.

"ಸೈನ್ ಹಾಕಿ ಬುದ್ದಿ. ರಿಜಿಸ್ಟರಿನ ಇಪ್ಪತ್ತೇಳನೇ ನಂಬರ್ ನಮಗೆ ಬೇಡ. ಎಲ್ಲಾದ್ರೂ ಹೋಗಿ ಹಾಳಾಗ್ಲಿ."

ಗುರುಗಳು ಫಾರಂ ಮಗುಚಿದ್ರು. ಹಿಂದುಗಡೆ ಖಾಲಿ ಇತ್ತು. ರಿಜಿಸ್ಟರ್ ನೋಡದೆ ಆ ಹುಡುಗನ ಬಗ್ಗೆ ಐದು ಸಾಲು ಬರಿ, ಸೈನ್ ಹಾಕ್ತೀನಿ ಅಂದ್ರು.

ಗುಟ್ಕಾ ತಿಂತಾನೆ ಅಂತ ಬರೆದ ಗುರುಮಲ್ಲ. ಪೆನ್ನು ಕಚ್ಚಿದ. ಪಂಚೆ ನೋಡ್ಕೊಂಡು, ಉಗೀತಾನೆ ಅಂತ ಸೇರಿಸಿದ. ಅಲ್ಲಿಗೆ ಸರಕು ಮುಗೀತು.

"ನೂರಾ ನಲವತ್ತು ಮಕ್ಕಳು ಬುದ್ದಿ. ಎಲ್ಲರ ಕಥೆ ಯಾರು ನೆನಪಿಟ್ಕೋತಾರೆ?"

"ಚೆನ್ನಾಜಮ್ಮ. ಹೋಗಿ ಕೇಳ್ಕೊಂಡು ಬಾ."

ಬಸ್ ಸ್ಟಾಪ್ ಹತ್ರ ಚೆನ್ನಾಜಮ್ಮಂದು ಗೂಡಂಗಡಿ. ಇಡೀ ಶಾಲೆಗೆ ಗುಟ್ಕಾ ಸಪ್ಲೈ ಅಲ್ಲಿಂದ್ಲೇ. ಅದನ್ನ ಮುಚ್ಚಿಸಿ ಅಂತ ಗುರುಮಲ್ಲ ಆರು ಅರ್ಜಿ ಕೊಟ್ಟಿದ್ದ. ಒಂದ್ಸಲವೂ ಅದರ ಹತ್ರ ಹೋಗಿರ್ಲಿಲ್ಲ.

ಹೋದವನು ಹಾಳೆ ತುಂಬಿಸ್ಕೊಂಡು ಬಂದ. ಹುಡುಗನ ಹೆಸರು ನಿಂಗರಾಜು. ಅಪ್ಪ ಇಲ್ಲ. ಅವ್ವ ತಿರುಪ್ಪೂರಿನ ಬನಿಯನ್ ಕಾರ್ಖಾನೇಲಿ. ಮನೇಲಿರೋ ಅಜ್ಜಿಗೆ ಕಣ್ಣು ಕಾಣಲ್ಲ, ಬೆಳಗ್ಗೆ ಒಲೆ ಹಚ್ಚೋರಿಲ್ಲ. ಬಾಯಲ್ಲಿ ಗುಟ್ಕಾ ಇದ್ರೆ ಶಾಲೆ ಬಿಸಿಯೂಟದವರೆಗೂ ಹಸಿವು ಗೊತ್ತಾಗಲ್ಲ. ಸೈಕಲ್ ಪಂಕ್ಚರ್ ಹಾಕೋದ್ರಲ್ಲಿ ಎತ್ತಿದ ಕೈ.

ಇಷ್ಟೆಲ್ಲ ಅವಳಿಗೆ ಹೇಗೆ ಗೊತ್ತು ಅಂತ ಗುರುಗಳು ಕೇಳಿದ್ರು.

"ದಿನಾ ಕೇಳ್ತಾಳಂತೆ, ಉಂಡ್ಯಾ ಮಗಾ ಅಂತ." ಗುರುಮಲ್ಲನಿಗೆ ಮೈಯೆಲ್ಲಾ ಉರೀತಿತ್ತು. "ಕೇಳಿ, ಅದೇ ಕೈಯಲ್ಲಿ ಅವನಿಗೆ ವಿಷ ಕೊಡ್ತಾಳೆ ಬುದ್ದಿ."

"ಅವಳ ಹತ್ರ ಇದ್ದದ್ದು ಅದೇ, ಕೊಟ್ಲು. ನೀನೇನು ಕೊಟ್ಟೆ?"

"ಪ್ರತಿಜ್ಞೆ."

ಗುರುಗಳು ಹಣೆ ಚಚ್ಚಿಕೊಂಡ್ರು. ಪೆನ್ನಿಗೆ ಕ್ಯಾಪ್ ಹಾಕಿದ್ರು. ಟೀಸೀನ ಮಡಚಿ, ಕೂತಿದ್ದ ಚಾಪೆ ಕೆಳಗೆ ತುರುಕಿದ್ರು.

"ಬೆಳಗ್ಗಿಂದ ಮರದ ಕೆಳಗೆ ನಿಂತವ್ನಲ್ಲ ನಿಂಗರಾಜು, ಏನಾದ್ರೂ ತಿಂದನಾ?"

"ಗೊತ್ತಿಲ್ಲ ಬುದ್ದಿ."

"ಹೋಗಿ ಕೇಳು. ಶಾಲೆ ಬಿಡೋ ಗಂಟೆ ಹೊಡೆದ್ರೆ ನಿನಗಿಂತ ಮುಂಚೆ ಚೆನ್ನಾಜಮ್ಮ ಕೇಳ್ತಾಳೆ."